ಯಾವ ಬಯಲು, ಯಾವ ಸೀಮಿ? ಚಿತ್ತಾಪುರ ತಾಲೂಕಿನ ಒಂದು ಹೊಲದ ಪ್ರಕರಣ

ಆ ಹೊಲಕ್ಕೆ ನಾನು ಮೊದಲು ಹೋದಾಗ ಆಗಸ್ಟ್ ತಿಂಗಳು ಮುಗಿಯುತ್ತಾ ಬಂದಿತ್ತು. ಮಳೆ ನಿಂತು ಒಂದು ವಾರ ಆಗಿತ್ತು. ಮೇಲಿನ ಎರಡು ಎಕರೆಯಲ್ಲಿ ತೊಗರಿ ಹಚ್ಚಗೆ, ದಟ್ಟವಾಗಿ ನಿಂತಿತ್ತು. ಕೆಳಗಿನ ಕಡೆ, ಬದುವಿನ ಒಳಮಗ್ಗುಲಿಗೆ, ಮುಕ್ಕಾಲು ಎಕರೆಯಷ್ಟು ಗಿಡ ಹಳದಿ ತಿರುಗಿ, ತಲೆ ಬಾಗಿ, ಒಣಗಿಹೋಗಿತ್ತು. ಒಂದು ಗಿಡ ಕಿತ್ತು ನೋಡಿದೆ. ಬೇರು ಕಪ್ಪಾಗಿತ್ತು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಸುಲಿದು ಬರುತ್ತಿತ್ತು. ಕೊಳೆತ ವಾಸನೆ. ಎಲ್ಲರೂ ಬರದ ನಾಡು ಅಂತ ಕರೆಯುವ ಕಡೆ, ಬೆಳೆ ನೀರು ಜಾಸ್ತಿಯಾಗಿ ಸತ್ತಿತ್ತು.

ಆ ಬದು ಹಾಕಿದ್ದು ನಾವು ಹಂಚಿದ ಕರಪತ್ರ ನೋಡಿ. ಕರಪತ್ರದ ಕನ್ನಡ ತಿದ್ದಿದವನು ನಾನು. ಅದರ ತಲೆಬರಹ ಹೀಗಿತ್ತು: 'ಬಯಲುಸೀಮೆ ರೈತರಿಗೆ – ಬಿದ್ದ ಮಳೆ ಹೊಲದಲ್ಲೇ ಇರಲಿ'. ತಪ್ಪು ಎಲ್ಲಿ ಹುಟ್ಟಿತು ಅಂತ ಹುಡುಕುತ್ತಾ ಹೋದವನು ಕೊನೆಗೆ ಬಂದು ನಿಂತಿದ್ದು ಆ ಮೊದಲ ಪದದ ಮುಂದೆ.

ನಡೆದದ್ದು

ಕಲಬುರಗಿಯಲ್ಲಿ ಒಂದು ಸಂಸ್ಥೆಗೆ ಕನ್ನಡ ಬರೆದುಕೊಡುವುದು ನನ್ನ ಕೆಲಸ. ರೈತರಿಗೆ, ಮಹಿಳಾ ಸಂಘಗಳಿಗೆ ಕರಪತ್ರ, ಫ್ಲೆಕ್ಸು, ಕೈಪಿಡಿ ಮಾಡುತ್ತೇವೆ. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಕರಡು ನನ್ನ ಟೇಬಲ್‌ಗೆ ಬಂತು. ಅದು ಮೊದಲು ತುಮಕೂರು, ಚಿತ್ರದುರ್ಗದ ಕಡೆ ಬಳಕೆಯಾಗಿದ್ದದ್ದು. ಅಲ್ಲಿ ಒಳ್ಳೇ ಫಲ ಕೊಟ್ಟಿತ್ತು. ರಾಗಿ ಇದ್ದ ಕಡೆ ನಾವು ಜೋಳ ಹಾಕಿದೆವು, ಅವರೆ ಇದ್ದ ಕಡೆ ತೊಗರಿ. ಕಡಲೆಕಾಯಿಯನ್ನು ಶೇಂಗಾ ಮಾಡಿದೆವು. ಫೋಟೊ ಬದಲಾಯಿಸಿದೆವು. ತಲೆಬರಹ ಮಾತ್ರ ಮುಟ್ಟಲಿಲ್ಲ. ಅವರೂ ಬಯಲುಸೀಮೆ, ನಾವೂ ಬಯಲುಸೀಮೆ, ಅಲ್ವಾ? ಕರಾವಳಿ, ಮಲೆನಾಡು, ಬಯಲುಸೀಮೆ – ಶಾಲೆಯಲ್ಲಿ ಓದಿದ್ದು ಅಷ್ಟೇ. ಆ ಮೂರರಲ್ಲಿ ಕಲಬುರಗಿ ಎಲ್ಲಿ ಅಂದರೆ ಮಗು ಕೂಡ ಹೇಳುತ್ತದೆ.

ಮೇ ತಿಂಗಳಲ್ಲಿ ಕರಪತ್ರ ಹಂಚಿದೆವು. ಕಾಗಿಣಾ ನದಿಯಿಂದ ಸ್ವಲ್ಪ ದೂರದ ಆ ಊರಲ್ಲಿ ಒಬ್ಬ ಹುಡುಗ ಅದನ್ನು ಪೂರ್ತಿ ಓದಿದ. ಇಪ್ಪತ್ತಾರು ವರ್ಷದವನು. ಬೆಂಗಳೂರಲ್ಲಿ ಕೆಲಸ ಮಾಡಿ, ಬೇಸಾಯ ಮಾಡಬೇಕು ಅಂತಲೇ ಊರಿಗೆ ವಾಪಸ್ ಬಂದವನು. ಅಪ್ಪನ ಹೆಸರಲ್ಲಿ ನಾಲ್ಕು ಎಕರೆ. ಜೆಸಿಬಿ ಕರೆಸಿ, ಚಿತ್ರದಲ್ಲಿ ಇದ್ದ ಹಾಗೇ ಬದು ಹಾಕಿಸಿದ. ಇಳಿಜಾರಿಗೆ ಅಡ್ಡಲಾಗಿ, ಮಟ್ಟಸವಾಗಿ, ಎರಡೂ ತುದಿ ಮೇಲಕ್ಕೆ ತಿರುಗಿಸಿ ಮುಚ್ಚಿದ ಬದು. ಒಂದು ಹನಿ ನೀರೂ ಹೊರಗೆ ಹೋಗಬಾರದು.

ಹೋಗಲಿಲ್ಲ. ಆಗಸ್ಟ್‌ನಲ್ಲಿ ಮೂರು ದಿನ ಹಿಡಿದ ಮಳೆಗೆ ಬದುವಿನ ಹಿಂದೆ ಮೊಣಕಾಲುದ್ದ ನೀರು ನಿಂತಿತು. ನಾಲ್ಕನೇ ದಿನ ರಾತ್ರಿ ಅಪ್ಪ ಸಲಿಕೆ ತಗೊಂಡು ಹೋಗಿ, ಯಾರಿಗೂ ಹೇಳದೆ ಬದು ಕಡಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ತೊಗರಿ ಬರ ತಡೆಯುತ್ತದೆ, ಬೇರಿಗೆ ನಿಂತ ನೀರು ತಡೆಯುವುದಿಲ್ಲ.

ಮಣ್ಣು ಏನು ಮಾಡಿತು

ಕೆಂಪು ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಡುತ್ತದೆ. ಅಲ್ಲಿ ಮಟ್ಟಸ ಬದು ಹಾಕಿ ನೀರು ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಅದು ಒಳಗಿಳಿಯುತ್ತದೆ. ಕರಪತ್ರ ಹುಟ್ಟಿದ್ದು ಅಂಥ ಮಣ್ಣಲ್ಲಿ.

ಈ ಹೊಲದ್ದು ಎರಿ, ಅಂದರೆ ಕಪ್ಪು ಮಣ್ಣು. ಅದರ ನಡೆ ಬೇರೆ. ಅದರಲ್ಲಿ ಜೇಡಿ ಅಂಶ ಅರ್ಧಕ್ಕಿಂತ ಜಾಸ್ತಿ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೇ ತಿಂಗಳಲ್ಲಿ ಈ ಹೊಲದ ಬಿರುಕಲ್ಲಿ ನಾನು ಕೈ ಇಳಿಸಿದ್ದೇನೆ. ಮೊಣಕೈವರೆಗೆ ಹೋಯಿತು, ತಳ ಸಿಗಲಿಲ್ಲ. ಮೊದಲ ಮಳೆ ಬಂದಾಗ ನೀರೆಲ್ಲ ಆ ಬಿರುಕಲ್ಲಿ ಗಟಗಟ ಇಳಿಯುತ್ತದೆ. ನೋಡಿದವರಿಗೆ ಈ ಮಣ್ಣು ಎಷ್ಟು ಬೇಕಾದರೂ ಕುಡಿಯುತ್ತದೆ ಅನಿಸುತ್ತದೆ. ಆದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೋ, ಅಲ್ಲಿಗೆ ಬಾಗಿಲು ಹಾಕಿದ ಹಾಗೆ. ಆಳವಾದ ಕಪ್ಪು ಮಣ್ಣು ಪೂರ್ತಿ ನೆನೆದ ಮೇಲೆ ಗಂಟೆಗೆ ಒಂದು ಮಿಲಿಮೀಟರ್ ನೀರು ಕೂಡ ಒಳಗಿಳಿಯುವುದಿಲ್ಲ. ನಿಂತ ನೀರು ನಿಂತೇ ಇರುತ್ತದೆ.

ಬದು ಕೂಡ ಅದೇ ಮಣ್ಣಿಂದ ಮಾಡಿದ್ದು. ಬೇಸಿಗೆಯಲ್ಲಿ ಅದೂ ಬಿರಿಯುತ್ತದೆ. ಮುಂದಿನ ಮಳೆಗೆ ಬಿರುಕಲ್ಲಿ ನೀರು ನುಗ್ಗಿ ಬದು ಒಡೆಯುತ್ತದೆ. ಅಂದರೆ ಆ ರಾತ್ರಿ ಅಪ್ಪ ಕಡಿಯದಿದ್ದರೂ ಆ ಬದು ಬಹಳ ದಿನ ಉಳಿಯುತ್ತಿರಲಿಲ್ಲ. ಎರಿ ಹೊಲಕ್ಕೆ ಬೇಕಾದದ್ದು ಸಣ್ಣ ಇಳಿಜಾರು ಇಟ್ಟ ಬದು. ಹೆಚ್ಚಾದ ನೀರು ಅದರ ಗುಂಟ ನಿಧಾನ ಹರಿದು, ಹುಲ್ಲು ಅಥವಾ ಕಲ್ಲು ಹಾಸಿದ ಕೋಡಿಯಿಂದ ಹೊರಗೆ ಹೋಗಬೇಕು, ಇಲ್ಲವೆ ಕೆಳಗಿನ ಹೊಂಡಕ್ಕೆ ಬೀಳಬೇಕು. ಬೀದರಿಂದ ಹೈದರಾಬಾದ್‌ಗೆ ಹೋಗುವಾಗ ದಾರಿಯಲ್ಲಿ ಸಿಗುವ ಪಟಂಚೇರುವಿನಲ್ಲಿ 1972ರಿಂದ ಇಕ್ರಿಸ್ಯಾಟ್ ಸಂಸ್ಥೆ ಇದೆ. ಒಣ ಪ್ರದೇಶದ ಬೇಸಾಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಂಸ್ಥೆ. ಕಪ್ಪು ಮಣ್ಣಿಗೆ ಅಗಲ ಮಡಿ ಮತ್ತು ಸಾಲುಗಾಲುವೆ ಪದ್ಧತಿ ಬೆಳೆಸಿದ್ದೂ ಅಲ್ಲೇ. ನಮ್ಮಿಂದ ಬರೀ ಮೂರು ನಾಲ್ಕು ತಾಸಿನ ದಾರಿ. ನಾವು ಕರಡು ತಂದದ್ದು ಮಾತ್ರ ಐನೂರು ಕಿಲೋಮೀಟರ್ ದೂರದಿಂದ.

ಹಳಬರು ಇದನ್ನು ಯಾವ ಸಂಸ್ಥೆಯೂ ಇಲ್ಲದ ಕಾಲದಿಂದ ಬಲ್ಲರು. ಆಳದ ಎರಿ ಹೊಲವನ್ನು ಮುಂಗಾರಿಯಲ್ಲಿ ಖಾಲಿ ಬಿಡುತ್ತಿದ್ದರು. ಮಳೆ ಕುಡಿದು ಹೊಲ ಹೊಟ್ಟೆ ತುಂಬಿಸಿಕೊಳ್ಳಲಿ ಅಂತ. ಮಳೆಗಾಲ ಹಿಂದೆ ಸರಿದ ಮೇಲೆ ಬಿಳಿಜೋಳ ಬಿತ್ತುತ್ತಿದ್ದರು. ಆಮೇಲೆ ಒಂದು ಮಳೆ ಬಾರದಿದ್ದರೂ ಮಣ್ಣೊಳಗಿನ ಹಸಿಯಲ್ಲೇ, ಚಳಿಗಾಲದ ಮಂಜಲ್ಲೇ ಜೋಳ ತೆನೆಗೆ ಬರುತ್ತಿತ್ತು. ಹೊರಗಿಂದ ಬಂದವರು ಆಗಸ್ಟ್‌ನಲ್ಲಿ ಖಾಲಿ ಹೊಲ ನೋಡಿ ಪಾಳು ಬಿದ್ದಿದೆ ಅಂದುಕೊಳ್ಳುತ್ತಾರೆ.

ಕಟ್ಟೆಯ ಮೇಲೆ

ಸೆಪ್ಟೆಂಬರ್‌ನಲ್ಲಿ ಹನುಮಾನ ಗುಡಿಯ ಕಟ್ಟೆ ಮೇಲೆ ಕೂತೆವು. ಹತ್ತು ಹನ್ನೆರಡು ಮಂದಿ ಇದ್ದರು. ನಾನು ಮೊದಲು ತಪ್ಪು ನಮ್ಮದು ಅಂತ ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ. ಅದು ಬೈದದ್ದಕ್ಕಿಂತ ಭಾರ ಅನಿಸಿತು.

ಹುಡುಗನ ಅಪ್ಪ ಕರಪತ್ರ ಕೈಯಲ್ಲಿ ಹಿಡಿದಿದ್ದರು. ಓದು ಬರುತ್ತದೆ ಅವರಿಗೆ. ತಲೆಬರಹದ ಮೇಲೆ ಬೆರಳಿಟ್ಟು ಕೇಳಿದರು: "ಬಯಲುಸೀಮಿ ಅಂತ ಬರ್ದೀರಿ. ಖರೆ ಅದ. ಆದ್ರ ಯಾವ ಬಯಲು, ಯಾವ ಸೀಮಿ? ಎರಿನೋ, ಮಸಾರಿನೋ, ಮಡ್ಡಿನೋ? ಅದು ಹೇಳ್ಬೇಕಲ್ರೀ ಮೊದ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮಾತಲ್ಲಿ ಎರಿ ಅಂದರೆ ಆಳದ ಕಪ್ಪು ಭೂಮಿ. ಮಸಾರಿ ಅಂದರೆ ಕೆಂಪು, ಹಗುರ ಭೂಮಿ. ಮಡ್ಡಿ ಅಂದರೆ ಗರಸು, ಕಲ್ಲು ಬೆರೆತ ದಿನ್ನೆ. ಒಂದೇ ಊರಿನ ಸೀಮೆಯೊಳಗೆ ಈ ಮೂರೂ ಸಿಗುತ್ತವೆ. ಹೆಣ್ಣು ಕೊಡುವಾಗ ಕೂಡ "ಎರಿ ಎಷ್ಟದ, ಮಸಾರಿ ಎಷ್ಟದ" ಅಂತ ಕೇಳುವವರು ಇವರು. ಅವರಿಗೆ ಹೊಲ ಅಂದರೆ ಅದರ ಮಣ್ಣಿನ ಹೆಸರು. ನಾವು ಕೊಟ್ಟದ್ದು ನಕ್ಷೆಯ ಹೆಸರು.

ಒಬ್ಬರು, "ಕಲ್ಯಾಣ ಕರ್ನಾಟಕ ಅಂತ ಹಾಕ್ರಿ, ಅದಾದ್ರ ನಮ್ದೇ ಅಂತ ತಿಳೀತದ" ಅಂದರು. ಇನ್ನೊಬ್ಬ ಹುಡುಗ, "ಬಿಸಿಲನಾಡು ಹಾಕ್ರಿ" ಅಂದ. ಬರದ ನಾಡು ಅನ್ನುವುದು ಬೇಡವೇ ಬೇಡ ಅಂತ ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಈ ಮಾತು ಅಲ್ಲಿಗೆ ಮುಗಿಯಲಿಲ್ಲ. ನಾನು ಮನೆಗೆ ಬಂದ ಮೇಲೂ ತಲೆಯಲ್ಲಿ ಇತ್ತು. ಆ ಚಳಿಗಾಲವೆಲ್ಲ ಒಂದೊಂದೇ ಹೆಸರನ್ನು ಬಿಡಿಸಿ ನೋಡುತ್ತಾ ಹೋದೆ.

ಪದ ಬಿಡಿಸಿದಾಗ

ಬಯಲು ನಮ್ಮ ಹಳೇ ದ್ರಾವಿಡ ಪದ. ತಮಿಳು, ಮಲಯಾಳದಲ್ಲಿ ಇದೇ ಪದ 'ವಯಲ್' ಆಗಿದೆ. ಅಲ್ಲಿ ಅದರ ಅರ್ಥ ಭತ್ತದ ಗದ್ದೆ. ನೀರು ನಿಂತ, ಕೆಸರು ತುಂಬಿದ ಗದ್ದೆ. ನಮ್ಮ ಕರಾವಳಿಯಲ್ಲೂ ಬಯಲು, ಬೈಲು ಅಂದರೆ ಗುಡ್ಡಗಳ ನಡುವಿನ ತಗ್ಗು, ಗದ್ದೆಯ ಜಾಗ. ಎಷ್ಟೋ ಊರುಗಳ ಹೆಸರು ಬೈಲು ಅಂತ ಮುಗಿಯುತ್ತದೆ. ಘಟ್ಟ ಹತ್ತಿ ಪೂರ್ವಕ್ಕೆ ಬಂದಂತೆ ಅದೇ ಪದ ಒಣಗುತ್ತದೆ. ಇಲ್ಲಿ ಬಯಲು ಅಂದರೆ ಮರೆ ಇಲ್ಲದ ಜಾಗ. ಗುಟ್ಟು ಹೊರಬಿದ್ದರೆ ಬಯಲಾಯಿತು ಅನ್ನುತ್ತೇವೆ. ಊರ ಹೊರಗೆ ರಾತ್ರಿಯಿಡೀ ಆಡಿದರೆ ಬಯಲಾಟ. ಮತ್ತೆ ಈ ನೆಲದಲ್ಲೇ, ಬಸವಕಲ್ಯಾಣದಲ್ಲಿ, 12ನೇ ಶತಮಾನದ ಶರಣರು ಬಯಲು ಅಂದರೆ ಶೂನ್ಯ, ಎಲ್ಲವೂ ಲೀನವಾಗುವ ನೆಲೆ ಅಂದರು. ಈಗಲೂ ನಮ್ಮ ಕಡೆ ಸ್ವಾಮಿಗಳು ತೀರಿಕೊಂಡರೆ ಬಯಲಾದರು ಅನ್ನುತ್ತಾರೆ. ಒಂದೇ ಪದಕ್ಕೆ ಗದ್ದೆಯಿಂದ ಶೂನ್ಯದವರೆಗೆ ಹರವು ಇದೆ. ಅಷ್ಟು ದೊಡ್ಡ ಪದವನ್ನು ನಾವು ಬರೀ 'ಮಳೆ ಇಲ್ಲದ ಜಾಗ' ಅನ್ನುವಲ್ಲಿಗೆ ತಂದು ಕಟ್ಟಿಹಾಕಿದ್ದೇವೆ.

ಸೀಮೆ ಸಂಸ್ಕೃತದಿಂದ ಬಂದದ್ದು. ಮೂಲ ಅರ್ಥ ಗಡಿ. ದಸರೆಯಲ್ಲಿ ಬನ್ನಿ ಮುಡಿಯಲು ಊರ ಸೀಮೆ ದಾಟುತ್ತೇವಲ್ಲ, ಆ ಸೀಮೆ. ವಿಜಯನಗರದ ಕಾಲಕ್ಕೆ ಅದು ಆಡಳಿತದ ಒಂದು ಭಾಗದ ಹೆಸರೂ ಆಯಿತು. ಗಡಿ ಅನ್ನುವ ಪದವೇ ಗಡಿಯೊಳಗಿನ ನಾಡಿಗೂ ಹೆಸರಾಯಿತು. ಹೊರನಾಡಿಂದ ಬಂದದ್ದೂ ಸೀಮೆಯದೇ ಆಯಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು.

ಎರಡೂ ಸೇರಿ ಬಯಲುಸೀಮೆ. ಕೇಳಲು ಚೆಂದ. ಆದರೆ ಈ ಹೆಸರು ಹುಟ್ಟಿದ್ದು ಎಲ್ಲಿ ನಿಂತು ನೋಡಿದಾಗ? ನನ್ನ ಅಭಿಪ್ರಾಯ ಹೇಳುತ್ತೇನೆ. ಇದು ಮಲೆನಾಡಿನ ಅಂಚಿನಲ್ಲಿ ನಿಂತು ಪೂರ್ವಕ್ಕೆ ನೋಡಿದವರ ಮಾತು. ಬೆಟ್ಟ ಇಲ್ಲ, ಕಾಡಿಲ್ಲ, ಬಯಲು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನದಲ್ಲಿ ಈ ಪದ ದಿನನಿತ್ಯದ ಮಾತಲ್ಲಿದೆ. ಒಂದೇ ಜಿಲ್ಲೆಯೊಳಗೆ ಈ ಕಡೆ ಮಲೆನಾಡು, ಆ ಕಡೆ ಬಯಲುಸೀಮೆ ಇರುವಾಗ ಎರಡನ್ನೂ ಬೇರೆ ಮಾಡಲು ಪದ ಬೇಕೇ ಬೇಕು. ಕಲಬುರಗಿಯಲ್ಲಿ ಹಾಗಲ್ಲ. ಸುತ್ತಲೂ ಬಯಲೇ ಇದ್ದಾಗ ಅದನ್ನು ಬಯಲು ಅಂತ ಯಾರು ಕರೆಯುತ್ತಾರೆ? ಕಟ್ಟೆ ಮೇಲೆ ಕೂತ ಒಬ್ಬರ ಬಾಯಲ್ಲೂ "ನಾವು ಬಯಲುಸೀಮಿಯವ್ರು" ಅನ್ನುವ ಮಾತು ತಾನಾಗಿ ಬರಲಿಲ್ಲ. ಶಾಲೆಯಲ್ಲಿ ಕಲಿತವರಿಗೆ ಮಾತ್ರ ಗೊತ್ತು.

ಶಾಲೆಗೂ ಹೋಗಿದ್ದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ 'ಉತ್ತರ ಮೈದಾನ' ಅಂತ ಬರೆದು, ಏನಿದು ಅಂತ ಕೇಳಿದೆ. ಭೂಗೋಳದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಎಲ್ಲ ಸೇರಿದ ಬಯಲಿಗೆ ಅದೇ ಹೆಸರು. ಮುಂದಿನ ಬೆಂಚಿನ ಹುಡುಗ ಎದ್ದು ನಿಂತು, "ಸರ್, ಶಾಲಿ ಹಿಂದಿಂದು" ಅಂದ. ಅವನು ತೋರಿಸಿದ ಕಿಟಕಿ ಉತ್ತರಕ್ಕೇ ಇತ್ತು. ಹೊರಗೆ ಕಬಡ್ಡಿ ಗೆರೆ ಎಳೆದ ಮೈದಾನ. ಬಯಲು ಅಂತ ಬರೆದಾಗ ಹಿಂದಿನ ಬೆಂಚಿನ ಹುಡುಗಿಯರು ಮುಖ ಮುಚ್ಚಿಕೊಂಡು ನಕ್ಕರು. ಬಯಲಿಗೆ ಹೋಗೋದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಲ್ಲ. ಶೌಚಾಲಯದ ಗೋಡೆಬರಹ ಓದಿ ಬೆಳೆದ ಮಕ್ಕಳು ಅವರು. ಅವರ ಮೇಲೆ ಸಿಟ್ಟಾಗಲು ಆಗುವುದಿಲ್ಲ. ತಮ್ಮ ನಾಡಿನ ಹೆಸರು ಅವರ ಕಿವಿಗೆ ಹೀಗೆ ಬಿದ್ದರೆ ಅದು ಅವರ ತಪ್ಪಲ್ಲ.

ಅದೇ ತರಗತಿಯಲ್ಲಿ ಆಫ್ರಿಕಾದ ಮಾತು ಬಂತು. ಸಹಾರಾ ಮರುಭೂಮಿಯ ದಕ್ಷಿಣ ಅಂಚಿಗೆ ನಮ್ಮ ಹಾಗೇ ಅರೆ ಒಣ ಪಟ್ಟಿಯೊಂದಿದೆ, ಹೆಸರು ಸಾಹೇಲ್ ಅಂದೆ. ಮನೆಯಲ್ಲಿ ಉರ್ದು ಮಾತಾಡುವ ಒಬ್ಬಳು ತಟ್ಟನೆ, "ಸಾಹಿಲ್ ಅಂದ್ರ ದಂಡಿ ಅಲ್ರೀ ಸರ್?" ಅಂದಳು. ಹೌದು, ಅರಬ್ಬಿಯ ಅದೇ ಪದ. ದಡ, ತೀರ. ಮರಳಿನ ಕಡಲು ದಾಟಿ ಬಂದವರಿಗೆ ಹಸಿರು ಕಂಡ ಮೊದಲ ದಂಡೆ ಅದು. ಒಣ ನಾಡಿಗೆ ಎಷ್ಟು ತುಂಬಿದ ಹೆಸರು! ಬಂದವರು ಯಾವ ಕಡೆಯಿಂದ ಬಂದರು ಅನ್ನುವುದು ಹೆಸರಲ್ಲೇ ಇದೆ. ಕಲಬುರಗಿಯ ಹುಡುಗಿಗೆ ಅದು ಅರ್ಥವಾಗಲು ಪುಸ್ತಕ ಬೇಕಾಗಲಿಲ್ಲ.

ಪಕ್ಕದ ಆಂಧ್ರದಲ್ಲೂ ಒಂದು ಒಣ ಸೀಮೆ ಇದೆ. 1800ರಲ್ಲಿ ನಿಜಾಮರು ಅದನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ನಮ್ಮ ಬಳ್ಳಾರಿಯೂ ಅದರಲ್ಲಿತ್ತು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಅದರ ಹೆಸರು 'ದತ್ತ ಮಂಡಲ', ಅಂದರೆ ಕೊಟ್ಟ ಜಿಲ್ಲೆಗಳು. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಅಲ್ಲಿನವರು ಅದನ್ನು ಬಿಟ್ಟು ರಾಯಲಸೀಮ ಅಂತ ಇಟ್ಟುಕೊಂಡರು. ವಿಜಯನಗರದ ರಾಯರ ಸೀಮೆ. ಮಳೆ ಒಂದು ಹನಿ ಹೆಚ್ಚಲಿಲ್ಲ. ಆದರೆ ಕೊಟ್ಟದ್ದು ಅನ್ನುವ ಅವಮಾನ ಹೋಯಿತು.

ಬೇರೆ ಹೆಸರುಗಳು

ನಮಗೂ ಹೆಸರುಗಳಿಗೆ ಬರ ಇಲ್ಲ. ನಿಜಾಮರ ಕಾಲದಲ್ಲಿ ಧಾರವಾಡದ ಕಡೆಯವರು ಈ ಕಡೆಯನ್ನು ಮೊಗಲಾಯಿ ಅನ್ನುತ್ತಿದ್ದರು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ಬಹಳ ವರ್ಷ ಹೈದರಾಬಾದ್ ಕರ್ನಾಟಕ. ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದೂ ಆ ಹೆಸರಲ್ಲೇ, 98ನೇ ತಿದ್ದುಪಡಿಯಲ್ಲಿ. 2014ರಲ್ಲಿ ಗುಲ್ಬರ್ಗ ಕಲಬುರಗಿ ಆಯಿತು, 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. ಹೊಸ ಹೆಸರು ನನಗೆ ಇಷ್ಟ. ಬೇರೆಯವರ ರಾಜಧಾನಿಯ ಹೆಸರು ಹೊತ್ತುಕೊಂಡಿದ್ದ ನಾಡು ತನ್ನದೇ ಊರಿನ ಹೆಸರು ಹೊತ್ತಿತು.

ಆದರೆ ಅದು ಹಕ್ಕಿನ ಹೆಸರು. ಸೀಟು, ನೌಕರಿ, ಅನುದಾನಕ್ಕೆ ಬೇಕಾದ ಹೆಸರು. ಬದು ಹೇಗೆ ಹಾಕಬೇಕು ಅಂತ ಅದು ಹೇಳಲಾರದು. ಬಳ್ಳಾರಿ, ವಿಜಯನಗರದ ಕೆಂಪು ಮಣ್ಣೂ ಅದರೊಳಗಿದೆ, ಚಿತ್ತಾಪುರದ ಎರಿಯೂ ಅದರೊಳಗಿದೆ. ಅದನ್ನು ಹಾಕಿದ್ದರೂ ಅದೇ ತಪ್ಪು ಆಗುತ್ತಿತ್ತು.

ಸರ್ಕಾರಿ ಬಯಲುಸೀಮೆಯೂ ಒಂದಿದೆ. ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಚಿತ್ರದುರ್ಗದಲ್ಲಿದೆ. ನಾವು ಕರಪತ್ರ ಹಂಚಿದ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಗೆ ಇರುವ ಮಂಡಳಿ ಬೇರೆ, ಕಲ್ಯಾಣ ಕರ್ನಾಟಕದ್ದು. ಪಠ್ಯದಲ್ಲಿ ನಾವು ಬಯಲುಸೀಮೆ, ಕಡತದಲ್ಲಿ ಕಲ್ಯಾಣ.

ಇನ್ನೊಂದು ಗೊಂದಲ ನನ್ನ ಟೇಬಲ್ ಮೇಲೆಯೇ ಆದದ್ದು. ಮೂಲ ಕರಡಿನಲ್ಲಿ ಒಂದು ಕಡೆ 'ಅರೆಶುಷ್ಕ ಪ್ರದೇಶ' ಅಂತ ಇತ್ತು. ಓದಲು ಗಟ್ಟಿ ಅನಿಸಿತು, ನಾನೇ ಅದನ್ನು ಹೊಡೆದು ಬಯಲುಸೀಮೆ ಮಾಡಿದೆ. ಎರಡೂ ಒಂದೇ ಅಂತ ನಂಬಿದ್ದೆ. ಒಂದೇ ಅಲ್ಲ. ಅರೆಶುಷ್ಕ ಅನ್ನುವುದು ನೀರಿನ ಲೆಕ್ಕ. ವರ್ಷಕ್ಕೆ ಬೀಳುವ ಮಳೆಯನ್ನು, ಅದೇ ವರ್ಷದಲ್ಲಿ ಬಿಸಿಲು ಗಾಳಿಗೆ ಆವಿಯಾಗಿ ಹೋಗಬಲ್ಲ ನೀರಿನಿಂದ ಭಾಗಿಸುತ್ತಾರೆ. ಉತ್ತರ 0.2ರಿಂದ 0.5ರ ಒಳಗೆ ಬಂದರೆ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅದು ಅರೆಶುಷ್ಕ. ಬಯಲುಸೀಮೆ ಅನ್ನುವುದು ನೆಲದ ಆಕಾರ. ಬರಪೀಡಿತ ಅನ್ನುವುದು ಒಂದು ವರ್ಷದ ಮಾತು, ಪರಿಹಾರದ ಆದೇಶ. ಕಲಬುರಗಿಗೆ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆ ಬೀಳುತ್ತದೆ. ಚಿತ್ರದುರ್ಗದ ಚಳ್ಳಕೆರೆ ಕಡೆ ಅದಕ್ಕಿಂತ ಬಹಳ ಕಡಿಮೆ. ನಮ್ಮ ಕಷ್ಟ ಬರೀ ಮಳೆ ಕಡಿಮೆ ಅನ್ನುವುದಲ್ಲ. ಬಂದದ್ದು ನಾಲ್ಕೇ ದಿನದಲ್ಲಿ ಬರುತ್ತದೆ, ಆಮೇಲೆ ಮೇ ತಿಂಗಳ ಬಿಸಿಲು 42, 43 ಡಿಗ್ರಿ ದಾಟಿ ಎಲ್ಲ ಹೀರುತ್ತದೆ.

ಬೀದರ್ ಮತ್ತು ಯಾದಗಿರಿಯಲ್ಲೂ ಅದೇ ಕರಪತ್ರ ಹೋಗಿತ್ತು. ಬೀದರ್‌ನ ಎತ್ತರದ ನೆಲದಲ್ಲಿ ಕೆಂಪು ಜಂಬಿಟ್ಟಿಗೆ. ಅದರೊಳಗೆ ಸೋಸಿ ಬರುವ ನೀರು ಹಿಡಿಯಲು ಬಹಮನಿ ಕಾಲದಲ್ಲಿ ಸುರಂಗ ಬಾವಿ ತೋಡಿದ್ದಾರೆ. ಅಲ್ಲಿ ನಮ್ಮ ಬದು ಚೆನ್ನಾಗಿಯೇ ಕೆಲಸ ಮಾಡಿತು. ಕೃಷಿ ಇಲಾಖೆಯ ಹತ್ತು ವಲಯಗಳಲ್ಲಿ ಬೀದರ್ ಜಿಲ್ಲೆಯೂ ನಮ್ಮ ಆಳಂದವೂ ಒಂದನೇ ವಲಯ, ಚಿತ್ತಾಪುರ, ಯಾದಗಿರಿ ಎರಡನೇ ವಲಯ. ಗೆರೆ ಆಗಲೇ ಇತ್ತು, ನಾವು ನೋಡಲಿಲ್ಲ. ಯಾದಗಿರಿಯಲ್ಲಿ ಗ್ರಾನೈಟ್ ಬಂಡೆಯ ಗುಡ್ಡಗಳು. ಶಹಾಪುರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟಸಾಲನ್ನು ನೋಡಿದವರು ಅದನ್ನು ಬಯಲು ಅನ್ನಲಾರರು. ಅಲ್ಲಿನವರಿಗೆ ತಮ್ಮದೇ ಹೆಸರಿದೆ: ಸಗರನಾಡು. ಇನ್ನು ಚಿಂಚೋಳಿಯಲ್ಲಿ ವನ್ಯಧಾಮವೇ ಇದೆ. ಮರ ಇಲ್ಲದ ಜಿಲ್ಲೆ ಅಂತ ಕಲಬುರಗಿಯನ್ನು ಕರೆಯುವವರು ಮಳೆಗಾಲದಲ್ಲಿ ಒಮ್ಮೆ ಚಂದ್ರಂಪಳ್ಳಿ ಕೆರೆಯ ದಂಡೆಗೆ ಹೋಗಿ ಬರಬೇಕು.

ಏನು ಬದಲಾಯಿಸಿದೆವು

ಆಫೀಸಿನಲ್ಲಿ ಎರಡು ಸಲ ಜೋರು ಚರ್ಚೆ ಆಯಿತು. ಒಂದೇ ಕರಪತ್ರ ಇದ್ದರೆ ಮುದ್ರಣ ಸಸ್ತಾ, ಬಯಲುಸೀಮೆ ಅಂದರೆ ಇಡೀ ರಾಜ್ಯಕ್ಕೆ ತಿಳಿಯುತ್ತದೆ ಅನ್ನುವುದು ಒಂದು ವಾದ. ಅದು ಸುಳ್ಳಲ್ಲ. ಬೆಂಗಳೂರಿನವರಿಗೆ ಒಂದು ವರದಿ ಬರೆಯುವಾಗ ನಾನೂ ಆ ಪದ ಬಳಸುತ್ತೇನೆ, ಬಳಸಬೇಕು ಕೂಡ. ಮಲೆನಾಡಿಂದ ಬೇರೆ ಮಾಡಿ ಹೇಳುವಾಗ ಅದರಷ್ಟು ಚೊಕ್ಕ ಪದ ಇನ್ನೊಂದಿಲ್ಲ. ಆದರೆ ಹೊಲದಲ್ಲಿ ನಿಂತವನ ಕೈಗೆ ಕೊಡುವ ಕಾಗದದ ಮೇಲೆ ಅದು ಒಂಟಿಯಾಗಿ ಇರಬಾರದು ಅಂತ ನಾನು ಹಟ ಹಿಡಿದೆ. ಹುಡುಗನ ಮುಕ್ಕಾಲು ಎಕರೆಯ ಲೆಕ್ಕ ಹಾಕಿ ತೋರಿಸಿದೆ. ಮುದ್ರಣದಲ್ಲಿ ಉಳಿಸಿದ ದುಡ್ಡು ಅದಕ್ಕಿಂತ ಕಡಿಮೆ ಇತ್ತು. ಆ ನಷ್ಟವನ್ನು ಸಂಸ್ಥೆ ತುಂಬಿಕೊಟ್ಟಿತು, ಅದು ಆಗಲೇಬೇಕಿತ್ತು.

ಹೊಸ ಕರಪತ್ರ ಮೂರಾದವು. ಒಂದು ಎರಿ ಹೊಲಕ್ಕೆ, ಒಂದು ಮಸಾರಿಗೆ, ಒಂದು ಮಡ್ಡಿಗೆ. ಮೊದಲ ಪುಟದಲ್ಲಿ ಚಿತ್ರ ಹಾಕಲಿಲ್ಲ, ಒಂದು ಪರೀಕ್ಷೆ ಹಾಕಿದೆವು. ಒದ್ದೆ ಮಣ್ಣು ಹಿಡಿದು ಬೆರಳಿನ ನಡುವೆ ಪಟ್ಟಿ ತೀಡಿ. ಉದ್ದ ಪಟ್ಟಿ ಮುರಿಯದೆ ಬಂದರೆ ಈ ಕರಪತ್ರ ನಿಮ್ಮದು. ಪುಡಿಯಾದರೆ ಇನ್ನೊಂದು ತಗೊಳ್ಳಿ.

ಎಳ್ಳಮವಾಸಿ ದಿನ ಆ ಹುಡುಗನ ಮನೆಯವರು ಹೊಲಕ್ಕೆ ಊಟಕ್ಕೆ ಕರೆದಿದ್ದರು. ಸಜ್ಜಿ ರೊಟ್ಟಿ, ಭಜ್ಜಿ, ಎಳ್ಳು ಹಚ್ಚಿದ ಕಡಕ್ ರೊಟ್ಟಿ. ಚರಗ ಚೆಲ್ಲಿ ಬಂದ ಮೇಲೆ ಅಪ್ಪನಿಗೆ ಕರಡು ಕೊಟ್ಟೆ. ಮೇಲೆ 'ಎರೆ ಭೂಮಿಯ ರೈತರಿಗೆ' ಅಂತ ಇತ್ತು. ಅವರು ಓದಿ, ನನ್ನ ಪೆನ್ನು ಇಸಗೊಂಡು, 'ಎರೆ'ಯನ್ನು 'ಎರಿ' ಮಾಡಿದರು. ಭೂಮಿ ಹೊಡೆದು ಹೊಲ ಮಾಡಿದರು. ರೈತರಿಗೆ ಅನ್ನುವುದನ್ನೂ ಹೊಡೆದರು. ಎರಿ ಹೊಲದವ್ರಿಗೆ. ಹಾಗೇ ಮುದ್ರಿಸಿದೆವು. ಕೆಳಗೆ ಸಣ್ಣಕ್ಷರದಲ್ಲಿ ತಾಲೂಕುಗಳ ಹೆಸರು, ಅದರ ಕೆಳಗೆ ಉತ್ತರದ ಬಯಲುಸೀಮೆ ಅಂತ ಒಂದು ಸಾಲು.

ಮುಂದಿನ ಮೇ ತಿಂಗಳಲ್ಲಿ ಹುಡುಗ ಬದುವನ್ನು ಮತ್ತೆ ಹಾಕಿದ. ಈ ಸಲ ಜೆಸಿಬಿಗಿಂತ ಮೊದಲು ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿ, ಗೂಟ ಹೊಡೆದು, ಒಂದು ಕಡೆಗೆ ಸಣ್ಣ ಇಳಿಜಾರು ಇಟ್ಟ. ಕೋಡಿಗೆ ಶಹಾಬಾದಿನ ಪರಸಿ ಕಲ್ಲಿನ ಮುರುಕು ಹಾಸಿದ. ಆ ಕಲ್ಲು ಈ ಕಡೆ ಎಲ್ಲಿ ನೋಡಿದರೂ ಸಿಗುತ್ತದೆ, ಮನೆಯ ನೆಲವೂ ಅದೇ, ಛತ್ತೂ ಅದೇ.

ಜುಲೈ ಕೊನೆಗೆ ಒಂದು ದೊಡ್ಡ ಮಳೆ ಆಯಿತು. ಮರುದಿನ ನಾನು ಹೋದೆ. ಬದುವಿನ ಹಿಂದೆ ನೀರು ನಿಂತಿರಲಿಲ್ಲ. ಪರಸಿ ಕಲ್ಲಿನ ಮೇಲೆ ಬೆರಳು ದಪ್ಪದ ನೀರು ಹರಿಯುತ್ತಿತ್ತು. ಮಣ್ಣು ಕೊಚ್ಚಿ ಹೋಗಿರಲಿಲ್ಲ, ನೀರು ತಿಳಿಯಾಗುತ್ತಾ ಬಂದಿತ್ತು. ಅಪ್ಪ ಕೋಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ನಾನು ಪಕ್ಕ ಹೋಗಿ ಕೂತೆ.

"ಹೊಂಟಾದ ನೋಡ್ರಿ," ಅಂದರು, "ನಿಧಾನಕ ಹೊಂಟಾದ. ಹಿಂಗೇ ಹೋಗ್ಬೇಕು."